ಜ್ವಾಲಾಮುಖಿ ಪಕ್ಕದ ಮೀನುಗಾರರಿಗೆ ಭಯ ಯಾವುದರದ್ದು?

(ಆಡಿಯೊ ಸಂಚಿಕೆಯ ಬರಹರೂಪ)

ಈ ವಾರದ ಪ್ರಶ್ನೆ ಬಂದಿರೋದು ಕೆ.ಆರ್. ನಗರ ಕಡೆಯ ಹೊಸ ಅಗ್ರಹಾರದಿಂದ. "ಜ್ವಾಲಾಮುಖಿ ಪಕ್ಕದಲ್ಲೇ ಮೀನುಗಾರರು ಊರು ಕಟ್ಕೊಂಡಿರ್ತಾರಂತಲ್ಲ, ಅವರಿಗೆ ಭಯ ಆಗಲ್ವಾ? ನಮ್ಮ ದೇಶದಲ್ಲಿ ಅಂಥ ಊರು ಇದೆಯಾ?" ಅಂತ ಕೇಳಿದ್ದಾರೆ. ಕಾವೇರಿ ಮೀನು ತಿಂದು ಬೆಳೆದವರಿಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ನಮ್ಮ ಅಂಗಡಿಗಳಿಗೆ ಐಸ್ ಪೆಟ್ಟಿಗೆಯಲ್ಲಿ ಬರೋ ಬಂಗುಡೆ, ಬೂತಾಯಿ ಹಿಡಿಯೋದು ಕರಾವಳಿಯವರೇ ತಾನೆ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಭಾರತದಲ್ಲಿ ಈಗಲೂ ಬೆಂಕಿ ಉಗುಳುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿ.ಮೀ. ದೂರ. ಒಂದೂವರೆ ಶತಮಾನ ತಣ್ಣಗಿದ್ದು 1991ರಲ್ಲಿ ಮತ್ತೆ ಎದ್ದಿತು. ಅಲ್ಲಿ ಊರಿಲ್ಲ, ಯಾರೂ ವಾಸ ಮಾಡಲ್ಲ.

ಆದರೆ ಸತ್ತ ಜ್ವಾಲಾಮುಖಿಯ ಪಕ್ಕದಲ್ಲಿ ದಿನಾ ದೋಣಿ ಓಡಿಸೋರು ನಮ್ಮ ರಾಜ್ಯದಲ್ಲೇ ಇದ್ದಾರೆ. ಉಡುಪಿಯ ಮಲ್ಪೆ ಬಂದರಿನಿಂದ ಆರೇಳು ಕಿ.ಮೀ. ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಪ್ರವಾಸ ಹೋದವರು ಅಲ್ಲಿನ ಕಂಬದಂಥ ಕಲ್ಲುಗಳನ್ನ ನೋಡಿರ್ತೀರಿ. ಯಾರೋ ಉಳಿಯಲ್ಲಿ ಕೆತ್ತಿ ನಿಲ್ಲಿಸಿದ ಹಾಗೆ ಐದು ಮೂಲೆ, ಆರು ಮೂಲೆ. ಬೇಸಿಗೆಯಲ್ಲಿ ನಮ್ಮ ಕೆರೆ ಬತ್ತಿದಾಗ ಅಂಗಳದ ಜೇಡಿಮಣ್ಣು ಒಣಗಿ, ಕುಗ್ಗಿ, ತುಂಡು ತುಂಡಾಗಿ ಬಿರಿಯುತ್ತಲ್ಲ, ಇದೂ ಹಾಗೇ. ಅಲ್ಲಿ ಮಣ್ಣಿನ ಬದಲು ಲಾವಾ. ಅದು ಆರುತ್ತಾ ಕುಗ್ಗಿತು, ಬಿರುಕು ಮೇಲಿಂದ ಒಳಕ್ಕೆ ಇಳಿಯಿತು, ಕಂಬಗಳಾದವು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗಿ ದೂರ ಸರಿಯುತ್ತಿದ್ದ ಕಾಲದಲ್ಲಿ. ಇನ್ನು ಅಲ್ಲಿಂದ ಬೆಂಕಿ ಬರಲ್ಲ. ಮಲ್ಪೆಯ ಮೊಗವೀರರಿಗೆ ಅದು ಜ್ವಾಲಾಮುಖಿ ಅಲ್ಲ, ದೋಣಿಗೆ ತಗಲದ ಹಾಗೆ ನೋಡಿಕೊಳ್ಳಬೇಕಾದ ಕಲ್ಲು. ಅಲೆ ಬಡಿಯುವ ಆ ಬಂಡೆಗಳ ಮೇಲೆ ಕಾಲು ಜಾರಿ ಸತ್ತ ಪ್ರವಾಸಿಗರಿದ್ದಾರೆ, ಫೋಟೊ ತೆಗೆಯೋರು ಇದನ್ನು ನೆನಪಿಟ್ಟುಕೊಳ್ಳಿ.

ಸರಿ, ಬದುಕಿರೋ ಜ್ವಾಲಾಮುಖಿ ಪಕ್ಕದವರ ಕಥೆ ಏನು? ಇಂಡೊನೇಷ್ಯಾಕ್ಕೆ ಹೋಗೋಣ. ಜಾವಾ, ಸುಮಾತ್ರಾ ನಡುವಿನ ಸುಂಡಾ ಜಲಸಂಧಿಯಲ್ಲಿ ಕ್ರಾಕಟೋವಾ ಇತ್ತು. 1883ರಲ್ಲಿ ಅದು ಸಿಡಿದಾಗ 36,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನ ಕೊಂದದ್ದು ಬೆಂಕಿ ಅಲ್ಲ, ನೀರು. 1927ರಲ್ಲಿ ಅದೇ ಜಾಗದಲ್ಲಿ ಹೊಸ ಬೆಟ್ಟ ಸಮುದ್ರದಿಂದ ಮೇಲೆದ್ದಿತು. ಅದರ ಹೆಸರು ಅನಕ್ ಕ್ರಾಕಟೋವಾ, ಅಂದರೆ ಕ್ರಾಕಟೋವಾದ ಮಗು. ಎರಡೂ ದಡದಲ್ಲಿ ಮೀನುಗಾರರ ಊರುಗಳಿವೆ. ಯಾಕೆ ಬಿಟ್ಟು ಹೋಗಲ್ಲ ಅಂದರೆ, ದೋಣಿ ಇರೋ ಕಡೆ ಮನೆ. ದಡ ಬಿಟ್ಟರೆ ಕಸುಬೇ ಇಲ್ಲ. ಹೊಗೆ ದಿನಾ ಕಾಣುತ್ತೆ, ಗುಡುಗು ದಿನಾ ಕೇಳುತ್ತೆ. ದಿನಾ ಕೇಳಿದ್ದು ಎಚ್ಚರಿಕೆಯಾಗಿ ಉಳಿಯಲ್ಲ.

2018ರ ಡಿಸೆಂಬರ್ 22, ಶನಿವಾರ ರಾತ್ರಿ. ಆ ಬೆಟ್ಟದ ಒಂದು ಪಕ್ಕವೇ ಕುಸಿದು ಸಮುದ್ರಕ್ಕೆ ಜಾರಿತು. ಬಾವಿಯ ದಡ ಕುಸಿದು ನೀರಿಗೆ ಬಿದ್ದರೆ ಹೇಗೆ ನೀರು ಎದ್ದು ಹೊಡೆಯುತ್ತೋ ಹಾಗೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಅಲೆ ದಡ ಮುಟ್ಟಿತು. 400ಕ್ಕೂ ಹೆಚ್ಚು ಜನ ಹೋದರು. ಸೈರನ್ ಕೂಗಲಿಲ್ಲ. ಯಾಕಂದರೆ ಸುನಾಮಿ ಎಚ್ಚರಿಕೆ ವ್ಯವಸ್ಥೆ ಕಾಯ್ತಾ ಇದ್ದದ್ದು ದೊಡ್ಡ ಭೂಕಂಪಕ್ಕೆ. ಅವತ್ತು ಅಂಥ ಭೂಕಂಪ ಆಗಲೇ ಇಲ್ಲ.

ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಡಿಸೆಂಬರ್ 15ರ ರಾತ್ರಿ, ಮಲ್ಪೆಯಿಂದ ಹೊರಟಿದ್ದ 'ಸುವರ್ಣ ತ್ರಿಭುಜ' ಬೋಟಿನ ಸಂಪರ್ಕ ಮಹಾರಾಷ್ಟ್ರದ ಮಾಲ್ವಣ್ ಕಡೆ ಕಡಿದುಹೋಯಿತು. ಒಳಗೆ ಏಳು ಮೀನುಗಾರರು. ಹುಡುಕಾಟ ಸಾಕಾಗಲಿಲ್ಲ ಅಂತ ಜನವರಿಯಲ್ಲಿ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ಆರಂಭದಲ್ಲಿ, ಮಾಲ್ವಣ್ ತೀರದಿಂದ ಸುಮಾರು 33 ಕಿ.ಮೀ. ಆಚೆ, ಸಮುದ್ರದ ತಳದಲ್ಲಿ. ಏಳು ಜನ ಬರಲಿಲ್ಲ. ಜ್ವಾಲಾಮುಖಿಗೂ ಇದಕ್ಕೂ ಸಂಬಂಧ ಇಲ್ಲ, ನಿಜ. ಆದರೆ ಹೊಸ ಅಗ್ರಹಾರದವರು ಕೇಳಿದ ಭಯ ಯಾವುದು ಅಂತ ನೋಡಿದರೆ ಎರಡೂ ಒಂದೇ: ದಡಕ್ಕೂ ನೀರಿಗೂ ನಡುವೆ ಮಾತು ನಿಂತುಹೋಗೋದು.

ಮೊಬೈಲ್ ಸಿಗ್ನಲ್ ಸಿಗೋದು ದಡದಿಂದ 10–12 ಕಿ.ಮೀ. ತನಕ. ಆಳಸಮುದ್ರದ ಬೋಟುಗಳು ವಾರಗಟ್ಟಲೆ ಅದರಾಚೆ ಇರ್ತವೆ. 2004ರ ಸುನಾಮಿ ಆದ ಮೇಲೆ, 2007ರಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಅಲೆ, ಗಾಳಿ, ಮೀನು ಸಿಗೋ ಜಾಗ, ಎಲ್ಲದರ ಮಾಹಿತಿಯೂ ಅಲ್ಲಿಂದ ಬರುತ್ತೆ. ಅದನ್ನ ಉಪಗ್ರಹದ ಮೂಲಕ ಬೋಟಿಗೆ ಮುಟ್ಟಿಸೋಕೆ 2019ರಲ್ಲಿ 'ಜೆಮಿನಿ' ಅನ್ನೋ ಸಣ್ಣ ಸಾಧನ ಬಂತು. ಆದರೆ ಅದು ಕೇಳಿಸಿಕೊಳ್ಳುತ್ತೆ ಅಷ್ಟೇ, ಬೋಟಿನವರು "ಮುಳುಗ್ತಾ ಇದ್ದೀವಿ" ಅಂತ ವಾಪಸ್ ಹೇಳೋಕೆ ಆಗಲ್ಲ. ಎರಡೂ ಕಡೆ ಮಾತಾಡೋ ಟ್ರಾನ್ಸ್‌ಪಾಂಡರನ್ನ ಒಂದು ಲಕ್ಷ ಬೋಟುಗಳಿಗೆ ಅಳವಡಿಸೋ ಯೋಜನೆಗೆ ಚಾಲನೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ.

ಸಾಧನ ಬಂದರೂ ಇನ್ನೊಂದು ತೊಡಕಿದೆ, ನನಗೆ ಇದೇ ದೊಡ್ಡದು ಅನ್ನಿಸುತ್ತೆ. ಡೀಸೆಲ್, ಐಸ್, ರೇಷನ್ ತುಂಬಿಸಿ ಹೊರಟ ಬೋಟು ಅರ್ಧದಲ್ಲಿ ವಾಪಸ್ ಬಂದರೆ ಆ ಖರ್ಚು ಮಾಲೀಕರ ತಲೆ ಮೇಲೆ. ಮೀನಿನ ಮೇಲೆ ಪಾಲು ಪಡೆಯೋ ಕೆಲಸದವರಿಗೆ ಆ ಸಲ ಕೈಗೆ ಏನೂ ಇಲ್ಲ. ಬಿರುಗಾಳಿ ಸಂದೇಶ ಬಂದಾಗ "ಇನ್ನೊಂದು ಬಲೆ ಹಾಕಿ ಹೋಗೋಣ" ಅನ್ನೋದು ಧೈರ್ಯಕ್ಕಲ್ಲ, ಸಾಲಕ್ಕೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ಹೇಗೂ ನಿಷೇಧ. ಉಳಿದ ತಿಂಗಳಲ್ಲೇ ವರ್ಷದ ದುಡಿಮೆ ಆಗಬೇಕು.

ದಡಕ್ಕೆ ಪ್ರವಾಸ ಹೋಗೋರಿಗೆ ಒಂದು ಮಾತು. ಸಮುದ್ರದ ನೀರು ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ಸರಿದು ತಳ ಕಂಡರೆ, ಇಲ್ಲಾ ನೆಲ ಜೋರಾಗಿ ಅಲುಗಾಡಿದರೆ, ಸೈರನ್‌ಗೆ ಕಾಯಬೇಡಿ. ಎತ್ತರದ ಕಡೆ ಓಡಿ. ಮೊದಲ ಅಲೆ ಹೋಯಿತು ಅಂತ ಕೆಳಗೆ ಇಳೀಬೇಡಿ, ಎರಡನೆಯದು ಅದಕ್ಕಿಂತ ದೊಡ್ಡದಿರಬಹುದು.