ಹೊಳೆ ದಾಟಿಸಿದ ಅಂಬಿಗರು

ಆಗಸ್ಟ್ 6ರಂದು ನಾವು ಪ್ರಭು ಯೇಸುವಿನ ರೂಪಾಂತರದ ಹಬ್ಬವನ್ನು ಆಚರಿಸುತ್ತೇವೆ. 2014ರಲ್ಲಿ ಅದೇ ಹಬ್ಬದ ರಾತ್ರಿ ಇರಾಕಿನ ಕರಾಕೋಶ್ ಪಟ್ಟಣದ ಕ್ರೈಸ್ತರು ಐಸಿಸ್ ಉಗ್ರರಿಗೆ ಹೆದರಿ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಅವರಲ್ಲಿ ಬಹುಪಾಲು ಜನರಿಗೆ ಆಸರೆ ಸಿಕ್ಕಿದ್ದು ಎರ್ಬಿಲ್ ನಗರದ ಅಂಕಾವಾದಲ್ಲಿ, ಚರ್ಚುಗಳ ಅಂಗಳದಲ್ಲಿ ಮತ್ತು ಶಾಲೆಗಳಲ್ಲಿ. ಅದಕ್ಕೆ ಒಂದು ತಿಂಗಳ ಹಿಂದೆ, ಯುದ್ಧದಲ್ಲಿ ಸಿಲುಕಿದ್ದ 46 ಮಂದಿ ಭಾರತೀಯ ದಾದಿಯರು ತಾಯ್ನಾಡಿಗೆ ವಿಮಾನ ಹತ್ತಿದ್ದೂ ಇದೇ ಎರ್ಬಿಲ್‌ನಿಂದ. ಅದು ಇರಾಕಿನ ಕುರ್ದರ ಸ್ವಾಯತ್ತ ಪ್ರದೇಶದ ರಾಜಧಾನಿ.

ಹಾಗಾದರೆ ಈ ಕುರ್ದರು ಯಾರು? ಅವರು ಅರಬರೂ ಅಲ್ಲ, ತುರ್ಕರೂ ಅಲ್ಲ. ಹೆಚ್ಚಿನವರು ಸುನ್ನಿ ಮುಸ್ಲಿಮರು. ಅವರ ನುಡಿ ಪಾರಸಿಯ ಬಳಗಕ್ಕೆ ಸೇರಿದ್ದು. ತುರ್ಕಿ, ಇರಾನ್, ಇರಾಕ್, ಸಿರಿಯಾ ಈ ನಾಲ್ಕು ದೇಶಗಳಲ್ಲಿ ಹಂಚಿಹೋಗಿರುವ ಇವರ ಸಂಖ್ಯೆ ಸುಮಾರು ಮೂರು ಕೋಟಿ. ಮೊದಲ ಮಹಾಯುದ್ಧದ ನಂತರ, 1920ರ ಸೆವ್ರ್ ಒಪ್ಪಂದ ಅವರಿಗೆ ಸ್ವಂತ ನಾಡಿನ ಆಸೆ ತೋರಿಸಿತು. 1923ರ ಲೊಸಾನ್ ಒಪ್ಪಂದದಲ್ಲಿ ಆ ಮಾತೇ ಇರಲಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಬಲಿಷ್ಠ ದೇಶಗಳು ಕುರ್ದರನ್ನು ನಡೆಸಿಕೊಂಡದ್ದು ಹೀಗೆಯೇ. ಇರಾನಿನ ಶಹಾ ಮತ್ತು ಅಮೆರಿಕ ಇರಾಕಿನ ಕುರ್ದರಿಗೆ ಆಯುಧ ಕೊಟ್ಟರು. 1975ರಲ್ಲಿ ಇರಾನ್ ಮತ್ತು ಇರಾಕ್ ರಾಜಿಯಾದೊಡನೆ ಕೈಬಿಟ್ಟರು. 1988ರ ಮಾರ್ಚ್ 16ರಂದು ಸದ್ದಾಂ ಹುಸೇನರ ಸೇನೆ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿದು ಸುಮಾರು 5,000 ಮಂದಿಯನ್ನು ಕೊಂದಿತು. 1991ರಲ್ಲಿ ಅಮೆರಿಕದ ಅಧ್ಯಕ್ಷರ ಕರೆ ನಂಬಿ ದಂಗೆ ಎದ್ದವರು ನೆರವಿಲ್ಲದೆ ಬೆಟ್ಟಗಳಿಗೆ ಓಡಿದರು. ಅವರ ಪಾಡು ಲೋಕಕ್ಕೆ ಕಂಡ ಮೇಲಷ್ಟೇ ರಕ್ಷಣೆ ಬಂತು. ಬೆಟ್ಟಗಳ ಹೊರತು ನಮಗೆ ಗೆಳೆಯರಿಲ್ಲ ಎಂದು ಕುರ್ದರು ಹೇಳಿಕೊಳ್ಳುವುದು ಸುಮ್ಮನೆ ಅಲ್ಲ.

ಹಾಗೆಂದು ಕುರ್ದರೇನೂ ದೇವದೂತರಲ್ಲ. ಕರಾಕೋಶ್ ಕಾಯುತ್ತಿದ್ದ ಕುರ್ದಿ ಪಡೆ ಪೆಶ್‌ಮರ್ಗಾ ಆ ರಾತ್ರಿ ಹಿಂದೆ ಸರಿದದ್ದನ್ನು ಅಲ್ಲಿನ ಕ್ರೈಸ್ತರು ಮರೆತಿಲ್ಲ. 1978ರಲ್ಲಿ ಹುಟ್ಟಿದ ಪಿಕೆಕೆ ಸಂಘಟನೆ 1984ರಿಂದ ತುರ್ಕಿಯ ವಿರುದ್ಧ ಶಸ್ತ್ರ ಹಿಡಿಯಿತು. ಆ ಕಾಳಗದಲ್ಲಿ ಸತ್ತವರು 40,000ಕ್ಕೂ ಹೆಚ್ಚು. ಅಮೆರಿಕವೂ ಪಿಕೆಕೆಯನ್ನು ಉಗ್ರರ ಪಟ್ಟಿಗೆ ಸೇರಿಸಿತು. ಆದರೆ ಐಸಿಸ್ ವಿರುದ್ಧ ಸಿರಿಯಾದಲ್ಲಿ ಪಿಕೆಕೆಯ ನಂಟಿರುವ ಕುರ್ದಿ ಪಡೆಗಳನ್ನೇ ಜೊತೆ ಮಾಡಿಕೊಂಡಿತು. ಆ ಪಡೆಗಳು 2017ರಲ್ಲಿ ರಕ್ಕಾ ನಗರವನ್ನು ಬಿಡಿಸಿದವು. 2019ರ ಅಕ್ಟೋಬರಿನಲ್ಲಿ ಅಮೆರಿಕದ ಸೈನಿಕರು ಗಡಿಯಿಂದ ಸರಿದರು, ತುರ್ಕಿಯ ಸೇನೆ ಒಳನುಗ್ಗಿತು.

ಒಂದು ಜನಾಂಗ, ಅದರ ಪಕ್ಷಗಳು, ಅದರ ಹೆಸರಿನಲ್ಲಿ ಬಂದೂಕು ಹಿಡಿದವರು, ಇವೆಲ್ಲ ಒಂದೇ ಅಲ್ಲ. ಸುದ್ದಿ ಕೇಳುವಾಗ ನಾವು ಈ ಭೇದ ಮರೆತರೆ, ಹಲಬ್ಜಾದಲ್ಲಿ ಸತ್ತ ಹಸುಗೂಸೂ ನಮ್ಮ ಬಾಯಲ್ಲಿ ಉಗ್ರನಾಗಿಬಿಡುತ್ತದೆ.

ಬದಲಾವಣೆಯೂ ಕಂಡಿದೆ. 2025ರ ಫೆಬ್ರವರಿಯಲ್ಲಿ ಪಿಕೆಕೆಯ ಸ್ಥಾಪಕ ಅಬ್ದುಲ್ಲಾ ಓಜಲಾನ್ ಸೆರೆಮನೆಯಿಂದಲೇ ಶಸ್ತ್ರ ಕೆಳಗಿಡಲು ಕರೆಕೊಟ್ಟರು. ಮೇ ತಿಂಗಳಲ್ಲಿ ಸಂಘಟನೆ ತನ್ನ ವಿಸರ್ಜನೆಯನ್ನು ಸಾರಿತು. ಜುಲೈನಲ್ಲಿ ಇರಾಕಿನ ಸುಲೈಮಾನಿಯಾ ಬಳಿ ಅದರ ಕೆಲವು ಹೋರಾಟಗಾರರು ತಮ್ಮ ಬಂದೂಕುಗಳನ್ನು ತಾವೇ ಬೆಂಕಿಗೆ ಹಾಕಿದರು.

ಜಗದ್ಗುರು ಫ್ರಾನ್ಸಿಸ್‌ರವರು 2021ರ ಮಾರ್ಚ್ 7ರಂದು ಕರಾಕೋಶ್‌ಗೆ ಭೇಟಿಕೊಟ್ಟು, ಅಂದೇ ಎರ್ಬಿಲ್‌ನಲ್ಲಿ ಬಲಿಪೂಜೆ ಅರ್ಪಿಸಿದರು. ಓಡಿಹೋಗಿದ್ದ ಹಲವು ಕುಟುಂಬಗಳು ಅಷ್ಟರಲ್ಲಿ ಊರಿಗೆ ಮರಳಿದ್ದವು. ಬೆಟ್ಟದ ಮೇಲೆ ಗುಡಾರ ಕಟ್ಟಿ ಅಲ್ಲೇ ಉಳಿಯಬಯಸಿದ ಪೇತ್ರನೂ ಕೆಳಗಿಳಿದು ಜನರ ನಡುವೆ ಬರಬೇಕಾಯಿತು. ಈ ಹಬ್ಬದಂದು ನಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಕರಾಕೋಶ್‌ನ ಮನೆಗಳನ್ನೂ, ಮಕ್ಕಳನ್ನು ಕಳೆದುಕೊಂಡ ಕುರ್ದಿ ಮತ್ತು ತುರ್ಕಿ ತಾಯಂದಿರನ್ನೂ ನೆನೆಯೋಣ.