ಎಂಟರ್‌ಪ್ರೈಸ್‌ಗೆ 11 ಅಡಿ ಯಾಕೆ ಬೇಕಾಯಿತು?

‘ಸ್ಟಾರ್ ಟ್ರೆಕ್’ ಧಾರಾವಾಹಿಗಾಗಿ ಮಾಡಿದ ಎಂಟರ್‌ಪ್ರೈಸ್ ನೌಕೆಯ ಮಾದರಿ 11 ಅಡಿ ಉದ್ದವಿತ್ತಂತೆ, ಟಿ.ವಿ. ಪರದೆಯಲ್ಲಿ ಅದರ ಅಳತೆ ಯಾರಿಗೆ ತಿಳಿಯುತ್ತದೆ, ಒಂದಡಿಯದು ಸಾಲದಾಗಿತ್ತೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಾಲುತ್ತಿರಲಿಲ್ಲ. ನಮ್ಮ ಕಣ್ಣನ್ನು ನಂಬಿಸಬಹುದು, ಲೆನ್ಸ್ ಜಗ್ಗುವುದಿಲ್ಲ. ದಸರೆಯಲ್ಲಿ ಕೂರಿಸಿದ ಬೊಂಬೆಗಳನ್ನು ಹತ್ತಿರದಿಂದ ಕ್ಯಾಮೆರಾದಲ್ಲಿ ತೆಗೆದು ನೋಡಿ. ಮುಂದಿನ ಸಾಲಿನ ಶೆಟ್ಟಿ ದಂಪತಿಯ ಮೂಗು ಚೂಪಾಗಿ ಮೂಡಿದರೆ ಹಿಂದಿನ ಮೆಟ್ಟಿಲ ಪಟ್ಟದ ಬೊಂಬೆಗಳು ಮಂಜಾಗಿರುತ್ತವೆ. ಅದೇ ಕ್ಯಾಮೆರಾದಲ್ಲಿ ಚಾಮುಂಡಿ ಬೆಟ್ಟದಿಂದ ಮೈಸೂರನ್ನು ತೆಗೆದರೆ ಅರಮನೆಯೂ ಸ್ಪಷ್ಟ, ಅದರಾಚೆಯ ಬೀದಿಗಳೂ ಸ್ಪಷ್ಟ. ದೂರ ಅರ್ಧಕ್ಕಿಳಿದರೆ ಫೋಕಸ್ ಹಿಡಿಯುವ ಆಳ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಹಿಂಭಾಗ ಮಸುಕಾದ ಕೂಡಲೇ ನೋಡುವವರ ಮನಸ್ಸು ‘ಇದು ಬೊಂಬೆ’ ಎಂದು ತೀರ್ಮಾನಿಸಿಬಿಡುತ್ತದೆ. ಹಾಗಾಗಿ ಮಾದರಿಯನ್ನು ದೊಡ್ಡದು ಮಾಡಿ ಕ್ಯಾಮೆರಾವನ್ನು ದೂರ ಇಡಬೇಕು. ಇಲ್ಲವೇ ಲೆನ್ಸಿನ ಕಿಂಡಿಯನ್ನು ಕಿರಿದುಮಾಡಿ ಬೆಳಕಿಗಾಗಿ ಕಾಯಬೇಕು. ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಎರಡನ್ನೂ ಮಾಡಿದ. ಡಿಸ್ಕವರಿ ನೌಕೆಯ ಮಾದರಿ 54 ಅಡಿ; ಒಂದೊಂದು ಫ್ರೇಮಿಗೂ ಸೆಕೆಂಡುಗಟ್ಟಲೆ ಬೆಳಕು ಕುಡಿಸಿದರು.

ಎಂಟರ್‌ಪ್ರೈಸ್‌ನ ವಿನ್ಯಾಸ ಮ್ಯಾಟ್ ಜೆಫ್ರೀಸ್ ಅವರದು. 1964ರಲ್ಲಿ ರಿಚರ್ಡ್ ಡೇಟಿನ್ ಮೊದಲು ಮೂರಡಿಗೂ ತುಸು ಕಡಿಮೆಯದನ್ನು ಮಾಡಿ ಒಪ್ಪಿಗೆ ಪಡೆದರು, ಆಮೇಲೆ ದೊಡ್ಡದು ಸಿದ್ಧವಾಯಿತು. ಮರ, ಪ್ಲಾಸ್ಟಿಕ್, ಸುತ್ತಿದ ಲೋಹದ ತಗಡು ಸೇರಿ ತೂಕ ಸುಮಾರು 90 ಕಿಲೋ.

ಇನ್ನು ಬಣ್ಣ. ಕಥೆಯ ನೌಕೆಯ ಉದ್ದ ಸುಮಾರು 289 ಮೀಟರ್. ಅಂದರೆ ಮಾದರಿ ಅದರ 85ನೇ ಒಂದು ಪಾಲು. ಹತ್ತನೇ ಒಂದು ಮಿಲಿಮೀಟರ್ ದಪ್ಪಕ್ಕೆ ಬಳಿದ ಬಣ್ಣ ಆ ಲೆಕ್ಕದಲ್ಲಿ ಎಂಟೂವರೆ ಮಿಲಿಮೀಟರಿನ ಗಾರೆಯಾಗುತ್ತದೆ! ಹವ್ಯಾಸಿಗಳು ಹೊರಕವಚದ ಮೇಲೆ ಒಂದು ಮಿಲಿಮೀಟರ್ ಅಗಲದ ಗೆರೆ ಕೊರೆದು ಕಪ್ಪು ತುಂಬುವುದುಂಟು. ನಿಜ ನೌಕೆಯಲ್ಲಿ ಅದು ಎಂಟೂವರೆ ಸೆಂಟಿಮೀಟರಿನ ಬಿರುಕು. ಒಂದು ಕಿಲೋಮೀಟರ್ ದೂರದಲ್ಲಿ ನಮ್ಮ ಕಣ್ಣು ಬಿಡಿಸಿ ನೋಡಬಲ್ಲದ್ದು ಸುಮಾರು 30 ಸೆಂಟಿಮೀಟರ್. ಸಣ್ಣ ಗೆರೆ ಗಾಢವಾಗಿದ್ದರೂ ಮಾಸಿದ ನೆರಳಷ್ಟೇ ಆಗಿ ಉಳಿದೀತು. ಗೆರೆ ಹೆಚ್ಚಿದಷ್ಟೂ ವಾಸ್ತವ ಎನ್ನುವ ಉತ್ಸಾಹ ನನಗೆ ಹಿಡಿಸುವುದಿಲ್ಲ. ಜೆಫ್ರೀಸ್ ಅವರಿಗೂ ನುಣುಪಾದ ಕವಚವೇ ಬೇಕಿತ್ತು: ರಿಪೇರಿ ಬೇಕಾಗುವ ಯಂತ್ರಗಳೆಲ್ಲ ಒಳಗಿರಬೇಕು, ಹೊರಗೆ ತೂಗಾಡಿಸುವುದೇಕೆ ಎಂಬುದು ಅವರ ತರ್ಕ.

1974ರಲ್ಲಿ ಮಾದರಿ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಪಾಲಾಯಿತು. 1991ರ ದುರಸ್ತಿಯಲ್ಲಿ ತಟ್ಟೆಯಂಥ ಮುಂಭಾಗದ ತಳದಲ್ಲಿ ದಟ್ಟ ಚೌಕುಳಿ ಗೆರೆಗಳು ಬಂದವು, ಅಭಿಮಾನಿಗಳು ಮುನಿಸಿಕೊಂಡರು. ಅದೃಷ್ಟಕ್ಕೆ ತಟ್ಟೆಯ ಮೇಲ್ಭಾಗಕ್ಕೆ ಯಾರೂ ಹೊಸ ಬಣ್ಣ ಬಳಿದಿರಲಿಲ್ಲ. 2016ರಲ್ಲಿ ಮುಗಿದ ದುರಸ್ತಿಯಲ್ಲಿ ಸಂರಕ್ಷಣಾ ತಜ್ಞರು ಅಲ್ಲಲ್ಲಿ ಬಣ್ಣದ ಪದರ ಪದರವನ್ನು ತುಸುವೇ ಉಜ್ಜಿ ತೆಗೆದು, ಮೇಲ್ಭಾಗದ ಮೂಲ ಬಣ್ಣದೊಂದಿಗೆ ಹೋಲಿಸಿ, ಹಸಿರು ಬೆರೆತ ಆ ತಿಳಿ ಬೂದುಬಣ್ಣವನ್ನು ಮತ್ತೆ ಕೂಡಿಸಿದರು.

ಇನ್ನೊಂದು ಮಾತು: ಮಾದರಿಯ ಅಲಂಕಾರವೆಲ್ಲ ಬಲ ಮಗ್ಗುಲಿಗೇ. ದೀಪಗಳ ತಂತಿ ಒಳಹೋಗುತ್ತಿದ್ದುದು ಎಡದಿಂದ, ಹಾಗಾಗಿ ಆ ಮಗ್ಗುಲನ್ನು ತೋರಿಸುವಂತಿರಲಿಲ್ಲ. ನೌಕೆ ಎದುರು ದಿಕ್ಕಿಗೆ ಹೋಗುವಂತೆ ತೋರಿಸಬೇಕಾದಾಗ ಅಕ್ಷರಗಳನ್ನು ಉಲ್ಟಾ ಅಂಟಿಸಿ ಚಿತ್ರೀಕರಿಸಿ, ಫಿಲ್ಮನ್ನೇ ಮಗುಚುತ್ತಿದ್ದರು.