ಕರೆಂಟ್ ಬಿಲ್ ಓದಲಿ ನಿಮ್ಮ ಮಗು

ಮೊನ್ನೆ ಫೋನ್-ಇನ್ ಕಾರ್ಯಕ್ರಮಕ್ಕೆ ಒಬ್ಬ ತಾಯಿ ಕರೆ ಮಾಡಿದ್ದರು. ಗಾರ್ಮೆಂಟ್ಸ್ ಕೆಲಸದವರು. ‘ಸರ್, ನನ್ನ ಮಗ ಎರಡನೇ ಕ್ಲಾಸು. ಒಂದು ದಿನವೂ ಸ್ಕೂಲ್ ಬೆಂಚಿನ ಮೇಲೆ ಕೂತಿಲ್ಲ. ಅಂಗನವಾಡೀಲಿ ಕಲಿತಿದ್ದ ಅ, ಆ ಕೂಡ ಮರೀತಾ ಇದಾನೆ. ನಾನು ಓದಿರೋದೇ ನಾಲ್ಕನೇ ಕ್ಲಾಸು, ಏನು ಹೇಳಿಕೊಡ್ಲಿ?’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಜಾಹೀರಾತಿನ ಬ್ರೇಕ್ ಬಂದು ಮಾನ ಉಳಿಸಿತು. ಆ ಉತ್ತರ ಇವತ್ತು ಹೇಳ್ತೀನಿ.

2020ರ ಮಾರ್ಚ್‌ನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆ, ಈ 2021ರ ಜುಲೈನಲ್ಲೂ ಮುಚ್ಚಿಯೇ ಇದೆ. 16 ತಿಂಗಳಾಯಿತು. ಕಳೆದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಅಂತ ಮೇಷ್ಟ್ರುಗಳೇ ಊರೊಳಗೆ ಹೋಗಿ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಜನವರಿಯಲ್ಲಿ ಮತ್ತೆ ಶುರುವಾದಾಗ ದೊಡ್ಡ ಮಕ್ಕಳಿಗೆ ಸಿಕ್ಕಿತು, ಒಂದರಿಂದ ಐದನೇ ತರಗತಿಯವರಿಗೆ ಇಲ್ಲ. ಇನ್ನು ಆನ್‌ಲೈನ್! ಸುಳ್ಯ ಕಡೆ ಸುರಿಯೋ ಮಳೆಯಲ್ಲಿ ಮಗಳು ರಸ್ತೆ ಬದಿ ಕೂತು ಪಾಠ ಕೇಳ್ತಿದ್ದರೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ನೀವೂ ನೋಡಿದ್ದೀರಿ. ನೆಟ್‌ವರ್ಕ್ ಇದ್ದ ಕಡೆ ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ.

ಹತ್ತನೇ ಕ್ಲಾಸಿನ ಹುಡುಗಿ ಹೇಗೋ ಓದಿಕೊಳ್ಳುತ್ತಾಳೆ, ಯಾಕಂದ್ರೆ ಅವಳಿಗೆ ಓದೋದು ಬರುತ್ತೆ. ಆರೇಳು ವರ್ಷದ ಮಗುವಿಗೆ ಅಕ್ಷರ ಇನ್ನೂ ಕೈಗೆ ಹತ್ತಿರೋದಿಲ್ಲ. ಕಾಗುಣಿತ ಕೂತ ಮೇಲೆ ಒತ್ತಕ್ಷರ, ಆಮೇಲೆ ತಾನೇ ಒಂದು ಸಾಲು. ಮಧ್ಯೆ ಬಿಟ್ಟರೆ ಹಿಂದಿನದೂ ಜಾರುತ್ತದೆ. ಆ ತಾಯಿಯ ಆತಂಕ ಸುಳ್ಳಲ್ಲ.

ಆದರೆ ಅಮ್ಮ, ನೀವು ಟೀಚರ್ ಆಗೋದು ಬೇಡ. ನಿಮ್ಮ ಮಗ ನಿಮಗೆ ಓದಿ ಹೇಳಲಿ. ಮನೆಗೆ ಬರೋ ಕರೆಂಟ್ ಬಿಲ್ ಕೊಡಿ. ಹೆಸರು ಎಲ್ಲಿದೆ ಹುಡುಕಲಿ, ಅಂಕಿಗಳನ್ನು ಓದಲಿ. ಮನೆಯಲ್ಲಿ ನಾಲ್ಕನೆಯದೋ ಐದನೆಯದೋ ಓದುವ ಅಕ್ಕ ಇದ್ದರೆ ಈಗಿನ ರೀಡಿಂಗ್‌ನಲ್ಲಿ ಹಿಂದಿನದು ಕಳೆದು ಎಷ್ಟು ಯೂನಿಟ್ ಅಂತ ಹೇಳಲಿ. ದಶಕ ತಗೊಳ್ಳೋ ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ಪುಸ್ತಕ ಬೇಕಾ? ತಪ್ಪಿದ್ದರೆ ಉತ್ತರ ಬಿಲ್‌ನಲ್ಲೇ ಅಚ್ಚಾಗಿರುತ್ತದೆ, ನಿಮಗೆ ಗೊತ್ತಿರಲೇಬೇಕು ಅಂತಿಲ್ಲ. ದಿನಸಿ ಚೀಟಿ ಅವನೇ ಬರೆಯಲಿ. ‘ಸಕ್ಕರೆ’ಯ ಒತ್ತು ತಪ್ಪಿದರೆ ಬೈಬೇಡಿ, ಸಕ್ಕರೆ ಪ್ಯಾಕೆಟ್ಟು ಕೈಗೆ ಕೊಡಿ. ತಾನೇ ತಿದ್ದಿಕೊಳ್ತಾನೆ.

ಅಜ್ಜಿ ಮನೆಯಲ್ಲಿದ್ದರೆ ನೀವು ಪುಣ್ಯವಂತರು. ಪಾವು, ಅಚ್ಚೇರು, ಸೇರು ಅಂತ ಅವರು ರಾಗಿ ಅಳೆದು ತೋರಿಸಲಿ. ನಾಲ್ಕು ಪಾವಿಗೆ ಒಂದು ಸೇರು ಅಂತ ಕಣ್ಣಾರೆ ಕಂಡ ಮಗುವಿಗೆ ಕಾಲು, ಅರ್ಧ ಅಂದರೆ ಏನು ಅಂತ ಯಾರೂ ಬೋರ್ಡ್ ಮೇಲೆ ಬರೆಯಬೇಕಿಲ್ಲ. ಕರಾವಳಿಯವರು ಆಟಿ ತಿಂಗಳಲ್ಲಿ ಚೆನ್ನೆಮಣೆ ಆಡ್ತಾರಲ್ಲ, ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಕಾಯಿ. ಯಾವ ಗುಳಿಯಿಂದ ಎತ್ತಿದರೆ ಕೊನೇ ಕಾಯಿ ಎಲ್ಲಿ ಬೀಳುತ್ತೆ ಅಂತ ಮಗು ಮನಸ್ಸಿನಲ್ಲೇ ಎಣಿಸುತ್ತದೆ. ಮಣೆ ಇಲ್ಲವಾ? ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗುಂಡು ಗೆರೆ ಬರೆದು ಹುಣಸೆ ಬೀಜ ಹಾಕಿ. ಸುಲಿದ ಹುಣಸೆಹಣ್ಣು ತರೋರು ಬೀಜಕ್ಕೆ ಪಕ್ಕದ ಮನೆಯವರನ್ನು ಕೇಳಬೇಕು, ಅಷ್ಟೆ.

ರಾತ್ರಿ ಅಜ್ಜಿ ಹೇಳಿದ ಕಥೆಯನ್ನು ಬೆಳಿಗ್ಗೆ ಮಗು ತನ್ನ ಮಾತಲ್ಲಿ ಹೇಳಲಿ, ಬೇಕಾದರೆ ನರಿಯನ್ನು ಗೆಲ್ಲಿಸಲಿ. ಚಿತ್ರ ಬರೆಯಲಿ, ಕೆಳಗೆ ಒಂದೇ ಒಂದು ಸಾಲು ಬರೆಯಲಿ. ಹಸಿರು ಆಕಾಶ ಬರೆದರೆ ‘ಯಾಕಪ್ಪಾ’ ಅಂತ ಕೇಳಿ, ಅಳಿಸಬೇಡಿ. ಸಿಟಿಯ ಕೆಲವು ಅಪ್ಪ-ಅಮ್ಮಂದಿರಿಗೂ ಒಂದು ಮಾತು: ಕೋಡಿಂಗ್, ಅಬಾಕಸ್, ಡ್ರಾಯಿಂಗ್ ಅಂತ ಎಂಟು ಗಂಟೆ ಸ್ಕ್ರೀನ್ ಮುಂದೆ ಕೂರಿಸಿದ್ದೀರಲ್ಲ, ಆ ಮಗುವಿಗೆ ಸುಮ್ಮನಿರೋಕೂ ಸ್ವಲ್ಪ ಹೊತ್ತು ಕೊಡಿ. ಬೇಜಾರಾದಾಗಲೇ ಖಾಲಿ ರಟ್ಟಿನ ಡಬ್ಬ ಬಸ್ಸಾಗೋದು.

ಇದೆಲ್ಲ ಶಾಲೆಗೆ ಬದಲಿ ಅಂತ ನಾನು ಹೇಳ್ತಿಲ್ಲ. ಸರ್ಕಾರ ‘ಮನೆಯಲ್ಲೇ ಕಲೀತಾರಲ್ಲ’ ಅಂತ ಕೈ ತೊಳೆದುಕೊಳ್ಳೋದೂ ಬೇಡ. ಮಾಲ್ ತೆಗೆದವರು ಮಕ್ಕಳ ಶಾಲೆ ಯಾವತ್ತು, ಹೇಗೆ ತೆಗೀತೀವಿ ಅಂತ ಹೇಳಲೇಬೇಕು, ನಾವು ಕೇಳ್ತಾನೇ ಇರ್ತೀವಿ.

ಅಲ್ಲೀತನಕ ದಿನಕ್ಕೆ ಅರ್ಧ ಗಂಟೆ ಸಾಕು. ಕೆಲಸ ಮುಗಿಸಿ ಬಂದು ಅಡುಗೆಗೆ ಕೂತಾಗ ಮಗ ಪಕ್ಕದಲ್ಲಿ ಓದಲಿ. ಟಿವಿ ಆಫ್ ಮಾಡಿ. ಒಂಬತ್ತು ಗಂಟೆಯ ನಮ್ಮ ಬುಲೆಟಿನ್ ಆದರೂ ಸರಿ, ಅದು ಹನ್ನೊಂದಕ್ಕೆ ಮತ್ತೆ ಬರುತ್ತೆ.